ಸ್ಟಾಪ್‌ವಾಚು

ಮಡಿಕೇರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ
ಪಂಪಿಗೆ ಎಣ್ಣೆ ಹಾಕುವುದು, ಗಾಜಿನ ನಳಿಗೆ ಒರೆಸುವುದು,
ಮತ್ತೆ ಕಾಯುವುದು.
ಕಾಯುವುದಕ್ಕೂ ಸಂಬಳವೇ ಜೋಯಪ್ಪ, ಎಂದು
ಶುಕ್ರವಾರದ ಸಂತೆಯಲ್ಲಿ ಯಾರೋ ನಕ್ಕಿದ್ದರು.
ಹೌದು. ಸ್ಟಾಪ್‌ವಾಚನ್ನೂ ಕೊಟ್ಟಿದ್ದಾರೆ.

ನಳಿಗೆಯೊಳಗೆ ಎದುರುಬದುರು ಎರಡು ಹಿತ್ತಾಳೆ ಬಿಲ್ಲೆ,
ನಡುವೆ ಅರ್ಧ ಬೆರಳಿನಷ್ಟು ಜಾಗ,
ಅದರಲ್ಲಿ ಹೀರಿ ಹೀರಿ ತೆಳ್ಳಗಾದ ಗಾಳಿ.
ಗಾಳಿ ಜಾಸ್ತಿಯಿದ್ದರೆ ಅದು ಮುರಿಯುವುದಿಲ್ಲ:
ದಸರಾ ರಾತ್ರಿಯ ಮಹದೇವಪೇಟೆ,
ಓಡಹೊರಟರೆ ಹೆಜ್ಜೆಗೊಂದು ಭುಜ.
ತೀರಾ ಕಮ್ಮಿಯಿದ್ದರೂ ಮುರಿಯುವುದಿಲ್ಲ:
ಬಂದ್ ದಿನದ ಅದೇ ಬೀದಿ,
ಎಷ್ಟು ಓಡಿದರೂ ತಾಗಲು ಯಾರೂ ಇಲ್ಲ.
ನಡುವೆ ಎಲ್ಲೋ ಒಂದು ತಗ್ಗು. ಅಲ್ಲಿ ಮಾತ್ರ
ಸ್ವಲ್ಪಕ್ಕೇ ಸೋಲುತ್ತದೆ ಗಾಳಿ.
ದೇಚಮ್ಮ ಮೇಡಂ ಅದನ್ನು ಗೆರೆ ಎಳೆದು ತೋರಿಸಿದರು.
ಇಷ್ಟು ನುಣ್ಣಗಿನ ಇಳಿಜಾರು
ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ನಾನು ಹೇಳಹೊರಟದ್ದು ಇದಲ್ಲ.

ಐನೂರಿಪ್ಪತ್ತು ವೋಲ್ಟು ಸಾಕು.
ಸಾಕಾಗುವಷ್ಟು ತಿರುಗಿಸಿಟ್ಟು ನಿಂತರೂ
ನಳಿಗೆ ಕತ್ತಲೆಯಾಗಿಯೇ ಇರುತ್ತದೆ.
ಎಲ್ಲ ತಯಾರು, ಮೊದಲನೆಯವನು ಬಂದಿಲ್ಲ.
ಒಂದು ಎಲೆಕ್ಟ್ರಾನು, ಒಂದೇ ಒಂದು ಬೇಕು,
ಎಲ್ಲೋ ಸತ್ತ ನಕ್ಷತ್ರದ ಚೂರು ತಾಗಿ ಬಿಡಿಸಿಕೊಂಡದ್ದೋ
ಈ ಗೋಡೆಯ ಕಗ್ಗಲ್ಲು ತನ್ನ ಹಳೆಯ ಕಾವಿನಿಂದ ಎಬ್ಬಿಸಿದ್ದೋ.
ಅದು ಬರುತ್ತದೆ. ಒಂದನ್ನು ಗುದ್ದಿ ಎರಡು, ಎರಡು ನಾಲ್ಕು,
ಲೆಕ್ಕ ಹಿಡಿಯುವ ಮುಂಚೆ
ನಳಿಗೆ ತುಂಬ
ಆಟಿ ಹದಿನೆಂಟರ ಮದ್ದುಸೊಪ್ಪಿನ ಪಾಯಸದ ಬಣ್ಣ.

ಒಮ್ಮೆ ಮೂರು ಸೆಕೆಂಡು. ಒಮ್ಮೆ ನಲವತ್ತು.
ಒಂದು ಬುಧವಾರ ಹನ್ನೊಂದು ನಿಮಿಷ:
ಮೇಡಂ ಕ್ಯಾಂಟೀನಿಗೆ ಹೋಗಿ ಬಂದರು, ನಾನು ಕದಲಲಿಲ್ಲ.

ಈ ವರ್ಷ ಸುಂಟಿಕೊಪ್ಪದಿಂದ ಕಾಫಿ ಸಿಪ್ಪೆ ತರಿಸಿದರು.
ಉಸಿರು ಕಟ್ಟಿಸಿ ಸುಟ್ಟು, ಕಬ್ಬಿಣದ ಉಪ್ಪು ಬೆರೆಸಿ ಮತ್ತೆ ಸುಟ್ಟು
ಎರಡು ಮೂಟೆಗೆ ಒಂದು ಚಿಟಿಕೆ ಕಪ್ಪು ಪುಡಿ.
ಮೈಸೂರಿಗೆ ಕಳಿಸಿ ತೆಗೆಸಿದ ಚಿತ್ರದಲ್ಲಿ
ಅದು ಪುಡಿಯೇ ಅಲ್ಲ, ಸಿಕ್ಕುಸಿಕ್ಕು ನೂಲು,
ಕೂದಲನ್ನು ಸಾವಿರ ಸಲ ಸೀಳಿದಷ್ಟು ಸಣ್ಣ,
ಒಳಗೆ ಟೊಳ್ಳು.
ಇಷ್ಟು ಸಣ್ಣದು ಏನು ಮಾಡೀತು ಅಂದೆ.
"ಮದುವೆಯಲ್ಲಿ ಬಾಳೆ ಕಡಿಯುವುದು ಕತ್ತಿಯ ಬೆನ್ನಿಂದಲ್ಲವಲ್ಲ?"
ಅಂದರು. ಮೊನೆಯಿದ್ದಲ್ಲಿ ಕ್ಷೇತ್ರ ಮುತ್ತಿಕೊಳ್ಳುತ್ತದಂತೆ,
ಒಳಗಿನ ಎಲೆಕ್ಟ್ರಾನನ್ನು
ಕಿತ್ತು ಹೊರಗೆ ಹಾಕುವಷ್ಟು.

ಬಿಲ್ಲೆಗೆ ಪುಡಿ ಹಚ್ಚಿದೆವು.
ನಾನೂರಹತ್ತಕ್ಕೇ ಹತ್ತಿಕೊಂಡಿತು.
ಮತ್ತೆ ಮಾಡಿದೆವು, ಹದಿನೈದು ಸಲ. ಪ್ರತಿ ಸಲ
ಗುಂಡಿ ಒತ್ತುವಷ್ಟರಲ್ಲಿ ಬೆಳಕು.
ವಾಚು ತೋರಿಸಿದ ಚೂರುಪಾರು ಹೊತ್ತು
ನನ್ನ ಬೆರಳಿನ ತಡ, ಗಾಳಿಯದ್ದಲ್ಲ.
ಮೇಡಂ ಚಪ್ಪಲಿ ಬಿಟ್ಟ ಕಾಲಲ್ಲೇ ಲ್ಯಾಬಿಡೀ ಓಡಾಡಿದರು.
"ಇನ್ನು ಕಾಯೋದು ಬೇಡ ಜೋಯಪ್ಪ."
ನನಗೂ ಖುಷಿಯಾಯಿತು, ಸುಳ್ಳಲ್ಲ.
ಹೊರಗಿನ ಯಾರ ಹಂಗೂ ಇಲ್ಲ,
ಬೇಕಾದವನನ್ನು ಮನೆಯಲ್ಲೇ ಹೆತ್ತುಕೊಳ್ಳುತ್ತದೆ ಸಿಪ್ಪೆ.

ಅವರು ಹೋದ ಮೇಲೆ
ಹಳೆಯ ಬಿಲ್ಲೆಗಳನ್ನು ಸ್ಪಿರಿಟಿನಲ್ಲಿ ತೊಳೆದು ಕೂರಿಸಿದೆ.
ಗಾಳಿ ಹೀರಿಸಿದೆ. ಐನೂರಿಪ್ಪತ್ತಕ್ಕೆ ತಿರುಗಿಸಿದೆ.
ದೀಪ ಆರಿಸಿ, ವಾಚು ಒತ್ತಿ, ನಿಂತೆ.
ಕಿಟಕಿಯಾಚೆ ಮಂಜು ಪೊಲೀಸ್ ಲೈನಿನವರೆಗೂ ಇಳಿದಿತ್ತು.
ಎಂಟು ಸೆಕೆಂಡು. ಇಪ್ಪತ್ತು. ಎರಡು ನಿಮಿಷ.
ಆಗ ಊರಿಗೆ ಊರೇ ಕರೆಂಟು ಹೋಯಿತು.
ಪಂಪು ಕೊನೆಯ ಸಲ ಕೆಮ್ಮಿ ಸುಮ್ಮನಾಯಿತು.
ಆ ಅಲೆಮಾರಿ ಆಮೇಲೆ ಬಂದಿರಲೂಬಹುದು,
ಬಂದು, ತಳ್ಳುವವರಿಲ್ಲದೆ,
ಬಿಲ್ಲೆಗಳ ನಡುವೆ ಸುಮ್ಮನೆ ಸುತ್ತಾಡಿರಬಹುದು.
ನನ್ನ ಅಂಗೈಯಲ್ಲಿ
ಕೀ ಕೊಟ್ಟ ವಾಚು ಮಾತ್ರ
ಟಿಕ್ಕೆನ್ನುತ್ತಲೇ ಇತ್ತು.